ಫ್ರಂಟ್ ಲೋಡೋ, ಟಾಪ್ ಲೋಡೋ? ಮುಂಬೈ, ಪುಣೆ, ಗೋವಾ ಮನೆಗಳಿಗೆ ವಾಷಿಂಗ್ ಮೆಷಿನ್ ಆರಿಸುವ ಬಗೆ

ವಾಷಿಂಗ್ ಮೆಷಿನ್ ಕೊಳ್ಳಬೇಕು ಅಂತ ಮನಸ್ಸು ಮಾಡಿದವರು ಮೊದಲು ಹೋಗುವುದು ಅಂಗಡಿಗೆ. ಅಲ್ಲಿ ಸ್ಟೀಮ್, ವೈಫೈ, ಎಐ ಅಂತ ಮಾತು ಶುರುವಾಗುತ್ತದೆ. ಅರ್ಧ ಗಂಟೆಯಲ್ಲಿ ತಲೆ ಗಿರ್ ಅನ್ನುತ್ತದೆ. ಕೊನೆಗೆ ಯಾವುದಕ್ಕೆ ಆಫರ್ ಇದೆಯೋ ಅದು ಮನೆಗೆ ಬರುತ್ತದೆ. ಬಂದ ಮೇಲೆ ನೋಡಿದರೆ ನಲ್ಲಿಯಲ್ಲಿ ನೀರಿಗೆ ಒತ್ತಡವೇ ಇಲ್ಲ, ಅಡುಗೆಮನೆಗೆ ತಾಗಿ ಪಾತ್ರೆ-ಬಟ್ಟೆ ತೊಳೆಯಲು ಇರುವ ಡ್ರೈ ಬಾಲ್ಕನಿಯಲ್ಲಿ ಮೆಷಿನ್ ಬಾಗಿಲು ಪೂರ್ತಿ ತೆರೆಯುವುದಿಲ್ಲ.

ಊರಲ್ಲಾದರೆ ಹಿತ್ತಲಿದೆ, ಬಾವಿ ಇದೆ, ಬಟ್ಟೆ ಹರವಲು ಮಾಳಿಗೆ ಇದೆ. ಯಾವ ಮೆಷಿನ್ ತಂದರೂ ಹೇಗೋ ನಡೆಯುತ್ತದೆ. ಇಲ್ಲಿಯ ಒಂದು ಬೆಡ್‌ರೂಮಿನ ಮನೆಯಲ್ಲಿ ಹಾಗಾಗುವುದಿಲ್ಲ. ನೀರು ಬರುವ ಹೊತ್ತು, ಟ್ಯಾಂಕಿನ ಎತ್ತರ, ಮೂರಡಿ ಜಾಗ, ನಾಲ್ಕು ತಿಂಗಳ ಮಳೆ, ಬಾಡಿಗೆ ಕರಾರು, ಎಲ್ಲವೂ ಲೆಕ್ಕಕ್ಕೆ ಬರುತ್ತವೆ.

ನಾನಿರುವುದು ಮುಲುಂಡಿನಲ್ಲಿ. ಅಕ್ಕನ ಮನೆ ಪುಣೆಯ ವಾಘೋಲಿಯಲ್ಲಿ. ಸೋದರಮಾವನ ಸಂಸಾರ ಗೋವಾದ ವಾಸ್ಕೋದಲ್ಲಿ. ನಮ್ಮಲ್ಲಿ ಮುಂದಿನ ಬಾಗಿಲಿನಿಂದ ಬಟ್ಟೆ ಹಾಕುವ ಫ್ರಂಟ್ ಲೋಡ್, ಅಕ್ಕನಲ್ಲಿ ಮೇಲಿನ ಮುಚ್ಚಳ ಎತ್ತಿ ಹಾಕುವ ಟಾಪ್ ಲೋಡ್, ಮಾವನಲ್ಲಿ ಒಗೆಯಲೊಂದು, ಹಿಂಡಲೊಂದು ಟಬ್ ಇದ್ದು ಅರ್ಧ ಕೆಲಸ ನಾವೇ ಮಾಡಬೇಕಾದ ಸೆಮಿ ಆಟೋಮ್ಯಾಟಿಕ್. ಮೂರೂ ಸರಿಯಾದ ಆಯ್ಕೆಯೇ, ಯಾಕೆಂದರೆ ಮೂರೂ ಆಯಾ ಮನೆ ನೋಡಿ ತಂದವು. ನೀವೂ ಅಂಗಡಿಗೆ ಕೊನೆಯಲ್ಲಿ ಹೋಗಿ. ಮೊದಲು ಒಂದು ಬಕೆಟ್, ಒಂದು ಟೇಪು, ಮೊಬೈಲಿನ ಗಡಿಯಾರ ಹಿಡಿದು ಮನೆಯನ್ನೇ ನೋಡಿ.

ಎರಡೂ ಹೇಗೆ ಒಗೆಯುತ್ತವೆ

ಫ್ರಂಟ್ ಲೋಡಿನಲ್ಲಿ ಡ್ರಮ್ ಅಡ್ಡಲಾಗಿ ಮಲಗಿರುತ್ತದೆ. ಅದು ತಿರುಗಿದಾಗ ಬಟ್ಟೆ ಮೇಲಕ್ಕೆ ಹೋಗಿ ಕೆಳಗಿನ ನೀರಿಗೆ ಬೀಳುತ್ತದೆ. ಹೀಗೆ ಎತ್ತಿ ಎತ್ತಿ ಬೀಳಿಸುವುದೇ ಅದರ ಒಗೆತ. ಅದಕ್ಕೆ ಡ್ರಮ್ಮಿನ ತಳದಲ್ಲಿ ಸ್ವಲ್ಪ ನೀರಿದ್ದರೆ ಸಾಕು.

ಟಾಪ್ ಲೋಡಿನಲ್ಲಿ ಟಬ್ ನೆಟ್ಟಗೆ ನಿಂತಿರುತ್ತದೆ. ಬಟ್ಟೆ ಮುಳುಗುವಷ್ಟು ನೀರು ತುಂಬುತ್ತದೆ. ತಳದ ಚಕ್ರ ಆ ಕಡೆ ಈ ಕಡೆ ತಿರುಗಿ ನೀರನ್ನೂ ಬಟ್ಟೆಯನ್ನೂ ಕಲಕುತ್ತದೆ. ಕೆಲಸ ಬೇಗ ಮುಗಿಯುತ್ತದೆ. ಆದರೆ ನೀರು ಜಾಸ್ತಿ ಬೇಕು, ಬಟ್ಟೆಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತವೆ, ತಿಕ್ಕಾಟವೂ ಜಾಸ್ತಿ.

ಕೊಳೆ ತೆಗೆಯುವುದರಲ್ಲಿ, ಅದರಲ್ಲೂ ಕಾಲರ್, ತೋಳಿನ ಅಂಚು, ಮಕ್ಕಳ ಯೂನಿಫಾರ್ಮಿನ ವಿಷಯದಲ್ಲಿ, ಫ್ರಂಟ್ ಲೋಡಿನದೇ ಮೇಲುಗೈ. ಅದರೊಳಗೆ ನೀರು ಕಾಯಿಸುವ ಹೀಟರ್ ಇರುತ್ತದೆ, ಒಗೆಯುವ ಹೊತ್ತೂ ಉದ್ದ. ಟಾಪ್ ಲೋಡಿನಲ್ಲಿ ಹೀಟರ್ ಕೆಲವು ಮಾಡೆಲ್‌ಗಳಲ್ಲಿ ಮಾತ್ರ. ಹಾಗಂತ ನೇರವಾಗಿ ಫ್ರಂಟ್ ಲೋಡ್ ತಂದುಬಿಡಬೇಡಿ. ನಿಮ್ಮ ನಲ್ಲಿ ಏನು ಹೇಳುತ್ತದೆ, ಕೇಳಿ.

ಹೆಜ್ಜೆ 1: ನಲ್ಲಿಯ ಕೆಳಗೆ ಬಕೆಟ್ ಇಡಿ

ಮೆಷಿನ್ ಎಲ್ಲಿಡುತ್ತೀರೋ ಅಲ್ಲಿಯ ನಲ್ಲಿಯನ್ನು ಪೂರ್ತಿ ತಿರುಗಿಸಿ. 10 ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತಾಗುತ್ತದೆ ನೋಡಿ. ಕೆಲವು ಫ್ರಂಟ್ ಲೋಡ್ ಕೈಪಿಡಿಗಳಲ್ಲಿ ನಿಮಿಷಕ್ಕೆ ಕಡಿಮೆಯೆಂದರೂ 8 ಲೀಟರ್ ಬೀಳಬೇಕು ಅಂತ ಬರೆದಿರುತ್ತದೆ. ಅಂದರೆ ಬಕೆಟ್ ಒಂದೂಕಾಲು ನಿಮಿಷದೊಳಗೆ ತುಂಬಬೇಕು. ಈ ಪರೀಕ್ಷೆಯನ್ನು ಬೆಳಿಗ್ಗೆ ಒಮ್ಮೆ ಮಾಡಿ. ಇಡೀ ಬಿಲ್ಡಿಂಗ್ ಸ್ನಾನ ಮಾಡುವ ಹೊತ್ತಲ್ವಾ ಅದು, ಒತ್ತಡ ಇಳಿದಿರುತ್ತದೆ. ಮಧ್ಯಾಹ್ನ ಇನ್ನೊಮ್ಮೆ ಮಾಡಿ.

ಒತ್ತಡ ಕಡಿಮೆ ಬಂದರೆ ಕಾರಣ ಸಾಮಾನ್ಯವಾಗಿ ತಲೆಯ ಮೇಲೇ ಇರುತ್ತದೆ. ನೀರಿನ ಒತ್ತಡ 1 ಬಾರ್ ಆಗಬೇಕಾದರೆ ಟ್ಯಾಂಕಿನ ನೀರಿನ ಮಟ್ಟ ನಲ್ಲಿಗಿಂತ ಸುಮಾರು 10 ಮೀಟರ್ ಮೇಲಿರಬೇಕು. ಏಳು ಮಹಡಿಯ ಬಿಲ್ಡಿಂಗಿನಲ್ಲಿ ಎರಡನೇ ಮಹಡಿಯವರಿಗೆ ಇದು ತಾನಾಗೇ ಸಿಗುತ್ತದೆ. ಮೇಲಿನ ಮಹಡಿಯವರಿಗೆ ಟ್ಯಾಂಕ್ ಮೂರು–ನಾಲ್ಕು ಮೀಟರ್ ಮೇಲಷ್ಟೇ ಇರುತ್ತದೆ. ಅವರಿಗೆ ಸಿಗುವುದು 0.3, 0.4 ಬಾರ್. ಕೆಲವು ಮೆಷಿನ್ ಇಷ್ಟಕ್ಕೂ ನಡೆಯುತ್ತವೆ, ಕೆಲವಕ್ಕೆ ಪೂರ್ತಿ 1 ಬಾರ್ ಬೇಕು. ಕೈಪಿಡಿಯಲ್ಲಿ ಕಡಿಮೆ ಒತ್ತಡ ಎಷ್ಟು ಅಂತ ಬರೆದಿರುತ್ತದೆ. ಕೊಳ್ಳುವ ಮೊದಲೇ ಕಂಪನಿಯ ಜಾಲತಾಣದಿಂದ ಕೈಪಿಡಿ ಇಳಿಸಿಕೊಂಡು ಆ ಒಂದು ಸಾಲು ಹುಡುಕಿ. ಅದನ್ನು ಓದದೆ ಹಣ ಕೊಡಬೇಡಿ.

ನೀರು ಸಾಲದಿದ್ದರೆ ಮೆಷಿನ್ ಸುಮ್ನೆ ನಿಧಾನವಾಗುವುದಿಲ್ಲ. ಒಂದಷ್ಟು ಹೊತ್ತು ಕಾದು ನಿಂತುಬಿಡುತ್ತದೆ, ಪರದೆಯ ಮೇಲೆ ನೀರು ಬರುತ್ತಿಲ್ಲ ಅನ್ನುವ ಸಂಕೇತ ತೋರಿಸುತ್ತದೆ. ಎಷ್ಟೋ ಜನ ಇದನ್ನು ಮೆಷಿನ್ ಕೆಟ್ಟಿದೆ ಅಂದುಕೊಂಡು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಪ್ಲಂಬರ್‌ನಿಂದ ಸಣ್ಣ ಪ್ರೆಶರ್ ಪಂಪ್ ಹಾಕಿಸಿದರೆ ಇದು ಸರಿಹೋಗುತ್ತದೆ. ಆದರೆ ಬಾಡಿಗೆ ಮನೆಯಲ್ಲಿ ಅದಕ್ಕೂ ಮಾಲೀಕರ ಒಪ್ಪಿಗೆ ಬೇಕು.

ಇನ್ನು ನೀರು ಬರುವ ಹೊತ್ತು. ಮುಂಬೈಯಲ್ಲಿ ಪಾಲಿಕೆಯ ನೀರು ದಿನಕ್ಕೆ ಕೆಲವೇ ಗಂಟೆ ಬರುತ್ತದೆ, ಬಿಲ್ಡಿಂಗಿನ ಟ್ಯಾಂಕಿನಲ್ಲಿ ತುಂಬಿಟ್ಟು ಹಂಚುತ್ತಾರೆ. ಕೆಲವು ಸೊಸೈಟಿಗಳಲ್ಲಿ ಮನೆಗೂ ಹೊತ್ತು ನೋಡಿಯೇ ನೀರು ಬಿಡುತ್ತಾರೆ. ಫ್ರಂಟ್ ಲೋಡಿನ ಕಾಟನ್ ಪ್ರೋಗ್ರಾಂ ಎರಡು ಗಂಟೆ ದಾಟುವುದು ಮಾಮೂಲು. ಬೆಳಿಗ್ಗೆ ಒಂದೂವರೆ ಗಂಟೆ ಮಾತ್ರ ನಲ್ಲಿಯಲ್ಲಿ ನೀರಿದ್ದರೆ, ಜಾಲಿಸುವ ಹೊತ್ತಿಗೆ ಅದು ನಿಂತಿರುತ್ತದೆ. ಸೋಪಿನ ನೀರಲ್ಲಿ ಬಟ್ಟೆ, ಬೀಗ ಬಿದ್ದ ಬಾಗಿಲು. ಟಾಪ್ ಲೋಡ್ ಮುಕ್ಕಾಲು ಗಂಟೆಯಿಂದ ಒಂದು ಗಂಟೆಯಲ್ಲಿ ಮುಗಿಸುತ್ತದೆ. ಮಧ್ಯೆ ನಿಂತರೂ ಮುಚ್ಚಳ ಎತ್ತಿ ಬಕೆಟ್‌ನಿಂದ ನೀರು ಸುರಿಯಬಹುದು.

ವಾಸ್ಕೋದ ಮಾವ ಸೆಮಿ ಆಟೋಮ್ಯಾಟಿಕ್ ತಂದದ್ದು ಇದಕ್ಕೇ. ಅವರ ಓಣಿಯಲ್ಲಿ ನೀರು ಬರುವ ಹೊತ್ತಿಗೆ ಡ್ರಮ್ ತುಂಬಿಸಿಟ್ಟುಕೊಳ್ಳುತ್ತಾರೆ. ಬೇಕಾದಾಗ ಮಗ್‌ನಿಂದ ಮೆಷಿನ್‌ಗೆ ಹಾಕುತ್ತಾರೆ. ಬಿಳಿ ಬಟ್ಟೆ ಒಗೆದ ಸೋಪಿನ ನೀರಲ್ಲೇ ಬಣ್ಣದ್ದನ್ನೂ ಒಗೆಯುತ್ತಾರೆ. ನಿಂತು ಮಾಡುವ ಕೆಲಸ ಜಾಸ್ತಿ, ನಿಜ. ಆದರೆ ಅತ್ತೆ ಹೇಳುವ ಹಾಗೆ, "ನಲ್ಲಿ ನಮ್ಮ ಮಾತು ಕೇಳಲ್ಲ, ಈ ಮೆಷಿನ್ ಕೇಳುತ್ತೆ." ಅಂಗಡಿಯವರು ಇದನ್ನು ಹಳೇ ಕಾಲದ್ದು ಅಂತ ತಳ್ಳಿಹಾಕುತ್ತಾರೆ. ಆ ಮಾತಿಗೆ ಕಿವಿಗೊಡಬೇಡಿ.

ಹೆಜ್ಜೆ 2: ನೀರು ಗಡಸೋ ಮೆದುವೋ

ಮುಂಬೈಗೆ ಭಾತ್ಸಾ, ತಾನ್ಸಾ, ಮೋಡಕ್ ಸಾಗರ್, ಮೇಲಿನ ಮತ್ತು ನಡು ವೈತರಣಾ, ವಿಹಾರ್, ತುಳಸಿ ಹೀಗೆ ಏಳು ಕೆರೆ-ಅಣೆಕಟ್ಟುಗಳ ನೀರು ಬರುತ್ತದೆ. ಅದು ಮಳೆಯ ನೀರೇ, ಮೆದು. ಪುಣೆ ನಗರಕ್ಕೂ ಖಡಕ್‌ವಾಸ್ಲಾ, ಪಾನ್‌ಶೆತ್, ವರಸ್‌ಗಾಂವ್, ತೇಮ್‌ಘರ್ ಅಣೆಕಟ್ಟುಗಳ ನೀರು. ಅಲ್ಲಿಯವರೆಗೆ ಚಿಂತೆಯಿಲ್ಲ. ಆದರೆ ವಾಘೋಲಿಯಂಥ ಹೊರವಲಯದ ಬಡಾವಣೆಗಳು ಟ್ಯಾಂಕರ್ ಮತ್ತು ಬೋರ್‌ವೆಲ್ ಮೇಲೆ ನಿಂತಿವೆ. ಬೋರಿನ ನೀರಲ್ಲಿ ಸುಣ್ಣದಂಶ ಕರಗಿರುತ್ತದೆ, ಅದೇ ಗಡಸು ನೀರು.

ಗಡಸು ನೀರು ಕಾದಾಗ ಆ ಸುಣ್ಣ ಬಿಳಿ ಪದರವಾಗಿ ಕೂರುತ್ತದೆ. ಗೀಸರಿನ ಕಾಯಿಲ್ ಮೇಲೆ ಆಗುವುದೇ ಫ್ರಂಟ್ ಲೋಡಿನ ಹೀಟರ್ ಮೇಲೂ ಆಗುತ್ತದೆ. ಪದರ ದಪ್ಪವಾದಷ್ಟೂ ನೀರು ಕಾಯಲು ಜಾಸ್ತಿ ಹೊತ್ತು, ಜಾಸ್ತಿ ಕರೆಂಟು. ಕೊನೆಗೆ ಹೀಟರೇ ಸುಟ್ಟುಹೋಗುತ್ತದೆ. ಸೋಪಿಗೆ ನೊರೆ ಬರುವುದಿಲ್ಲ, ಬಿಳಿ ಬಟ್ಟೆ ಮಾಸಲಾಗುತ್ತದೆ, ಟವೆಲ್ ಒರಟಾಗುತ್ತದೆ.

ಪರೀಕ್ಷೆ ಸುಲಭ. ಒಂದು ಪಾರದರ್ಶಕ ಬಾಟಲಿಯಲ್ಲಿ ಮೂರನೇ ಒಂದು ಭಾಗ ನೀರು ಹಾಕಿ. ಮೈಗೆ ಹಚ್ಚುವ ಸಾದಾ ಸಾಬೂನನ್ನು ಸ್ವಲ್ಪ ತುರಿದು ಹಾಕಿ ಚೆನ್ನಾಗಿ ಕುಲುಕಿ. ಮೆದು ನೀರಾದರೆ ಮೇಲೆ ದಪ್ಪ ನೊರೆ ನಿಲ್ಲುತ್ತದೆ. ಗಡಸಾದರೆ ನೊರೆ ಕಡಿಮೆ, ನೀರು ಕದಡಿ ಮೊಸರೊಡೆದ ಹಾಗೆ ಕಣಕಣವಾಗುತ್ತದೆ. ಬಟ್ಟೆ ಒಗೆಯುವ ಡಿಟರ್ಜೆಂಟ್ ಹಾಕಿ ಈ ಪರೀಕ್ಷೆ ಮಾಡಬೇಡಿ. ಅದು ಗಡಸು ನೀರಲ್ಲೂ ನೊರೆ ಬಿಡುವುದರಿಂದ ಏನೂ ತಿಳಿಯುವುದಿಲ್ಲ. ನಲ್ಲಿಯ ಬಾಯಲ್ಲಿ, ಬಕೆಟಿನ ಅಂಚಲ್ಲಿ ಬಿಳಿ ಕರೆ ಕಟ್ಟಿದ್ದರೆ ಪರೀಕ್ಷೆಯೂ ಬೇಡ, ಉತ್ತರ ಅಲ್ಲೇ ಇದೆ.

ಗಡಸು ನೀರಿದ್ದೂ ಫ್ರಂಟ್ ಲೋಡೇ ಬೇಕು ಅನ್ನುವವರು ಎರಡು ಕೆಲಸಕ್ಕೆ ತಯಾರಿರಬೇಕು. ತಣ್ಣೀರು ಅಥವಾ 30–40 ಡಿಗ್ರಿಯಲ್ಲೇ ಜಾಸ್ತಿ ಒಗೆಯುವುದು ಒಂದು. ಸುಣ್ಣ ತೆಗೆಯುವ ಪುಡಿ ಹಾಕಿ ಕೈಪಿಡಿಯಲ್ಲಿ ಹೇಳಿದ ಹಾಗೆ ಖಾಲಿ ಡ್ರಮ್ ಆಗಾಗ ತೊಳೆಯುವುದು ಇನ್ನೊಂದು. ಇಷ್ಟು ಶಿಸ್ತು ನಮ್ಮಿಂದಾಗದು ಅನಿಸಿದರೆ ಹೀಟರ್ ಇಲ್ಲದ ಟಾಪ್ ಲೋಡ್ ಒಳ್ಳೆಯದು. ಅಕ್ಕ ಮಾಡಿದ್ದು ಅದನ್ನೇ. ಟ್ಯಾಂಕರ್ ನೀರಲ್ಲಿ ಮಣ್ಣೂ ಬರುತ್ತದೆ. ಪೈಪು ಮೆಷಿನ್‌ಗೆ ಸೇರುವ ಕಡೆ ಸಣ್ಣ ಜಾಲರಿ ಇರುತ್ತದೆ, ಅದನ್ನು ಆಗಾಗ ಬಿಚ್ಚಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆಯಿರಿ. ಇದು ಯಾವ ಮೆಷಿನ್‌ಗಾದರೂ ಸರಿ.

ಗೋವಾದಲ್ಲಿ ಬಾವಿ ನೀರು ಬಳಸುವವರಿಗೆ ಒಂದು ಮಾತು. ಕೆಂಪು ಮುರಕಲ್ಲಿನ ನೆಲದ ಬಾವಿಗಳಲ್ಲಿ ಕೆಲವೆಡೆ ಕಬ್ಬಿಣದಂಶ ಇರುತ್ತದೆ. ಬಿಳಿ ಪಂಚೆ, ಬನಿಯನ್ ಮೇಲೆ ಕಂದು ಕಲೆ ಬಿದ್ದರೆ ಕ್ಲೋರಿನ್ ಬ್ಲೀಚ್ ಹಾಕಬೇಡಿ. ಅದು ಕಬ್ಬಿಣದ ಕಲೆಯನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಒಗೆತಕ್ಕೆ ಪೈಪಿನ ನೀರು, ನೆಲ ಒರೆಸಲು ಬಾವಿ ನೀರು ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಹೆಜ್ಜೆ 3: ಟೇಪು ಹಿಡಿದು ಜಾಗ ಅಳೆಯಿರಿ

ಫ್ರಂಟ್ ಲೋಡ್ ಸಾಮಾನ್ಯವಾಗಿ 60 ಸೆಂ.ಮೀ. ಅಗಲ, 85 ಸೆಂ.ಮೀ. ಎತ್ತರ. ಆಳ 45ರಿಂದ 60ರವರೆಗೆ, ಮಾಡೆಲ್ ನೋಡಿ. ಹಿಂದೆ ಪೈಪುಗಳಿಗೆ ಹತ್ತು ಸೆಂ.ಮೀ. ಬಿಡಿ. ಮುಂದೆ ಬಾಗಿಲು ತೆರೆದು, ಬಕೆಟ್ ಇಟ್ಟು, ನೀವು ಬಗ್ಗಿ ನಿಲ್ಲಲು ಎರಡಡಿಯಾದರೂ ಬೇಕು. ಪುಣೆಯ ಫ್ಲ್ಯಾಟ್‌ಗಳ ಡ್ರೈ ಬಾಲ್ಕನಿ ಎಷ್ಟೋ ಕಡೆ ಮೂರಡಿ ಅಗಲವೂ ಇರುವುದಿಲ್ಲ. ಬಹುತೇಕ ಮಾಡೆಲ್‌ಗಳಲ್ಲಿ ಬಾಗಿಲು ಎಡಕ್ಕೆ ತೆರೆದುಕೊಳ್ಳುತ್ತದೆ, ಅದನ್ನು ಬಲಕ್ಕೆ ಬದಲಾಯಿಸಲು ಬರುವುದಿಲ್ಲ. ಎಡಗಡೆ ಗೋಡೆ ಇದ್ದರೆ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ನೆಲದ ಮೇಲೆ ಸೀಮೆಸುಣ್ಣದಿಂದ ಮೆಷಿನ್ ಗಾತ್ರ ಬರೆದು, ಬಾಗಿಲಿನ ಅರ್ಧ ವೃತ್ತವನ್ನೂ ಬರೆದು ನೋಡಿ. ಅಡುಗೆಕಟ್ಟೆಯ ಕೆಳಗೆ ಕೂರಿಸುವ ಯೋಚನೆಯಿದ್ದರೆ ಕಲ್ಲಿನ ಕೆಳಗಿನ ಎತ್ತರ ಅಳೆಯಿರಿ, ಮೇಲಿನದ್ದಲ್ಲ.

ಟಾಪ್ ಲೋಡಿಗೆ ಮುಂದೆ ಜಾಗ ಕಡಿಮೆ ಸಾಕು, ಮೇಲೆ ಜಾಸ್ತಿ ಬೇಕು. ಮುಚ್ಚಳ ಎತ್ತಿದರೆ ನಾಲ್ಕಡಿ ಮೀರುತ್ತದೆ. ಅಲ್ಲಿ ನಲ್ಲಿ, ಗೀಸರ್, ಶೆಲ್ಫ್ ಇದ್ದರೆ ತಾಗುತ್ತದೆ.

ನೀರು ಹೊರಹೋಗುವ ಪೈಪಿನ ಬಗ್ಗೆ ಯಾರೂ ಮೊದಲೇ ಹೇಳುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಫ್ರಂಟ್ ಲೋಡಿನಲ್ಲಿ ಪಂಪ್ ಇರುತ್ತದೆ. ಅದು ನೀರನ್ನು ಮೇಲಕ್ಕೆ ತಳ್ಳಿ ಹೊರಹಾಕುತ್ತದೆ. ಅದರ ಪೈಪನ್ನು ಸುಮಾರು 60ರಿಂದ 100 ಸೆಂ.ಮೀ. ಎತ್ತರದಲ್ಲಿ ಸಿಕ್ಕಿಸಬೇಕು. ನೆಲದ ಮೇಲೆ ಬಿಟ್ಟರೆ ತುಂಬಿದ ನೀರು ಹಾಗೇ ಹರಿದುಹೋಗಬಹುದು. ಇಲ್ಲಿ ಸಿಗುವ ಬಹಳಷ್ಟು ಟಾಪ್ ಲೋಡ್‌ಗಳದು ಇದರ ಉಲ್ಟಾ. ಅವುಗಳಲ್ಲಿ ಪಂಪ್ ಇರುವುದಿಲ್ಲ, ನೀರು ತಾನಾಗೇ ಇಳಿದು ಹೋಗುತ್ತದೆ. ಪೈಪು ನೆಲಮಟ್ಟದಲ್ಲೇ ಇರಬೇಕು. ನಿಮ್ಮ ಮನೆಯಲ್ಲಿ ನೀರು ಹೋಗುವ ತೂತು ಗೋಡೆಯಲ್ಲಿ ಎರಡಡಿ ಮೇಲಿದ್ದರೆ ಅಂಥ ಟಾಪ್ ಲೋಡ್ ಕೆಲಸ ಮಾಡುವುದಿಲ್ಲ, ಪಂಪ್ ಇರುವ ಮಾಡೆಲ್ಲೇ ಬೇಕು. ಮೋರಿ ನೆಲದಲ್ಲಿದ್ದರೆ ಎರಡೂ ನಡೆಯುತ್ತವೆ.

ಪ್ಲಗ್ ವಿಷಯ ಚಿಕ್ಕದು, ಆದರೆ ಬಿಡುವಂಥದ್ದಲ್ಲ. ಹೀಟರ್ ಇರುವ ಮೆಷಿನ್ 2,000 ವಾಟ್ ಹತ್ತಿರ ಎಳೆಯುತ್ತದೆ, 16 ಆಂಪಿಯರಿನ ದೊಡ್ಡ ಪ್ಲಗ್ ಬೇಕು. ಎಕ್ಸ್‌ಟೆನ್ಶನ್ ಬೋರ್ಡ್ ಬೇಡವೇ ಬೇಡ. ಹಳೆಯ ಬಿಲ್ಡಿಂಗುಗಳಲ್ಲಿ ಅರ್ತಿಂಗ್ ಸರಿಯಿದೆಯಾ ಅಂತ ಎಲೆಕ್ಟ್ರಿಷಿಯನ್‌ಗೆ ತೋರಿಸಿ. ಬಚ್ಚಲಲ್ಲೇ ಮೆಷಿನ್ ಇಡುವ ಪರಿಸ್ಥಿತಿ ಇದ್ದರೆ ಷಾಕ್ ತಡೆಯುವ ಬ್ರೇಕರ್ ಹಾಕಿಸದೆ ಮೆಷಿನ್ ಶುರು ಮಾಡಬೇಡಿ.

ಹೆಜ್ಜೆ 4: ಮಳೆಗಾಲ ನೆನೆಸಿಕೊಳ್ಳಿ

ಜೂನಿನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲೂ ಗೋವಾದಲ್ಲೂ ಬಟ್ಟೆ ಒಣಗುವುದೇ ದೊಡ್ಡ ಕಷ್ಟ. ಫ್ಯಾನಿನ ಕೆಳಗೆ ಎರಡು ದಿನ ನೇತಾಡಿದ ಜೀನ್ಸ್ ಮುಗ್ಗಲು ವಾಸನೆ ಹೊಡೆಯುತ್ತದೆ. ನನ್ನ ಮಟ್ಟಿಗೆ ಇಲ್ಲಿಯವರು ಫ್ರಂಟ್ ಲೋಡ್ ಬಗ್ಗೆ ಯೋಚಿಸಲು ಇದೇ ಎಲ್ಲಕ್ಕಿಂತ ದೊಡ್ಡ ಕಾರಣ.

ಟಾಪ್ ಲೋಡ್ ಹಿಂಡುವಾಗ ನಿಮಿಷಕ್ಕೆ ಸುಮಾರು 700 ಸುತ್ತು ತಿರುಗುತ್ತದೆ. ಫ್ರಂಟ್ ಲೋಡ್ 1,000ದಿಂದ 1,400. ಸುತ್ತು ಎರಡು ಪಟ್ಟಾದರೆ ನೀರನ್ನು ಹೊರತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. 5 ಕೆಜಿ ಬಟ್ಟೆ 1,400ರಲ್ಲಿ ಹಿಂಡಿ ಬಂದಾಗ ಅದರಲ್ಲಿ ಉಳಿಯುವ ನೀರು ಸುಮಾರು ಎರಡೂವರೆ ಲೀಟರ್. 700ರಲ್ಲಿ ಅದಕ್ಕಿಂತ ಒಂದು ಲೀಟರಿಗೂ ಜಾಸ್ತಿ ಉಳಿಯುತ್ತದೆ. ಆ ನೀರೆಲ್ಲ ಆವಿಯಾಗುವುದು ನಿಮ್ಮ ಹಾಲ್‌ನಲ್ಲೇ, ಗೋಡೆಯ ಬೂಷ್ಟಿಗೂ ಅದೇ ದಾರಿ. ಜುಲೈ ತಿಂಗಳಲ್ಲಿ ನಮ್ಮ ಮನೆಯಲ್ಲಿ ಶರ್ಟುಗಳು ರಾತ್ರಿ ಹಾಕಿದರೆ ಬೆಳಿಗ್ಗೆ ಇಸ್ತ್ರಿಗೆ ಸಿಗುತ್ತವೆ. ದಪ್ಪ ಟವೆಲ್‌ಗಳಿಗೆ ಮಾತ್ರ ಇನ್ನರ್ಧ ದಿನ ಬೇಕು. 1,000 ಮತ್ತು 1,200ರ ನಡುವೆ ಆರಿಸಬೇಕಾದರೆ 1,200 ತೆಗೆದುಕೊಳ್ಳಿ. 1,400 ಸಿಕ್ಕರೆ ಒಳ್ಳೆಯದೇ, ಅದಕ್ಕಾಗಿ ತೀರಾ ದುಡ್ಡು ಸುರಿಯುವುದು ಬೇಡ.

ಸೆಮಿ ಆಟೋಮ್ಯಾಟಿಕ್‌ನ ಹಿಂಡುವ ಟಬ್ ಕೂಡ 1,300ರ ಆಸುಪಾಸು ತಿರುಗುತ್ತದೆ. ಅದು ಚಿಕ್ಕ ಟಬ್ ಆದ್ದರಿಂದ ಬಲ ಅಷ್ಟಿರುವುದಿಲ್ಲ, ಆದರೂ ಬಟ್ಟೆ ಚೆನ್ನಾಗೇ ಹಿಂಡುತ್ತದೆ.

ಒಗೆದು ಒಣಗಿಸಿಯೂ ಕೊಡುವ ಮೆಷಿನ್ ಬಗ್ಗೆ ಕೇಳುವವರಿದ್ದಾರೆ. 8 ಕೆಜಿ ಒಗೆದರೂ ಅದು ಒಣಗಿಸುವುದು ಸಾಮಾನ್ಯವಾಗಿ 5 ಕೆಜಿ ಮಾತ್ರ, ಉಳಿದ ಮೂರು ಕೆಜಿ ಬಟ್ಟೆ ಹೊರಗೆ ತೆಗೆಯಬೇಕು. ಹೊತ್ತೂ ಕರೆಂಟೂ ಜಾಸ್ತಿ. ಕೂಸು ಇರುವ ಮನೆ, ಒಣಹಾಕಲು ಒಂದು ಹಗ್ಗಕ್ಕೂ ಜಾಗವಿಲ್ಲದ ಮನೆ ಬಿಟ್ಟರೆ ನಾನು ಅದನ್ನು ಹೇಳುವುದಿಲ್ಲ.

ಮಳೆಗಾಲಕ್ಕೆ ಇನ್ನೊಂದು ಮುಖವಿದೆ, ಅದು ಫ್ರಂಟ್ ಲೋಡಿಗೆ ವಿರುದ್ಧ. ಬಾಗಿಲ ಸುತ್ತ ದಪ್ಪ ರಬ್ಬರ್ ಇರುತ್ತದಲ್ಲ, ಅದರ ಕೆಳಗಿನ ಮಡಿಕೆಗೆ ಬೆರಳು ಹಾಕಿ ನೋಡಿ. ಒಗೆತ ಮುಗಿದ ಮೇಲೂ ಅಲ್ಲಿ ಒಂದು ಚಮಚ ನೀರು, ಕೂದಲು, ನೂಲಿನ ಚೂರು, ಕೆಲವೊಮ್ಮೆ ಎರಡು ರೂಪಾಯಿ ನಾಣ್ಯವೂ ಇರುತ್ತದೆ. ಬಾಗಿಲು ಮುಚ್ಚಿಟ್ಟರೆ ನಾಲ್ಕೇ ದಿನಕ್ಕೆ ಅಲ್ಲಿ ಕಪ್ಪು ಚುಕ್ಕೆ ಶುರು. ಆ ವಾಸನೆ ಬಟ್ಟೆಗೂ ಹತ್ತುತ್ತದೆ. ಪ್ರತಿ ಸಲ ಒಣಬಟ್ಟೆಯಿಂದ ಮಡಿಕೆ ಒರೆಸಿ, ಬಾಗಿಲನ್ನೂ ಪೌಡರ್ ಹಾಕುವ ಡ್ರಾಯರನ್ನೂ ಸ್ವಲ್ಪ ತೆರೆದಿಡಬೇಕು. ಒಂದು ನಿಮಿಷದ ಕೆಲಸ, ಬಿಡುವ ಹಾಗಿಲ್ಲ.

ಹೆಜ್ಜೆ 5: ಬಟ್ಟೆ ಬುಟ್ಟಿ ತೂಗಿ

ಒಂದು ಜೀನ್ಸ್ 600–700 ಗ್ರಾಂ, ಶರ್ಟ್ 200, ದೊಡ್ಡ ಟವೆಲ್ 500, ಡಬಲ್ ಬೆಡ್‌ಶೀಟ್ ಮುಕ್ಕಾಲು ಕೆಜಿಯಿಂದ ಒಂದು ಕೆಜಿ. ನಾಲ್ಕು ಜನರ ಮನೆಯಲ್ಲಿ ದಿನ ಬಿಟ್ಟು ದಿನ ಒಗೆದರೆ 4–5 ಕೆಜಿ ಆಗುತ್ತದೆ. ಅದಕ್ಕೆ 7 ಕೆಜಿ ಮೆಷಿನ್ ಸಾಕು. ಇಬ್ಬರಿಗೆ 6 ಅಥವಾ 6.5. ಅಪ್ಪ-ಅಮ್ಮ ಜೊತೆಗಿದ್ದು, ಊರಿಂದ ನೆಂಟರು ಬರುತ್ತಿರುವ ಮನೆಗೆ 8.

ಮೆಷಿನ್ ಮೇಲೆ ಬರೆದಿರುವ ಕೆಜಿ ಕಾಟನ್ ಪ್ರೋಗ್ರಾಮಿಗೆ ಮಾತ್ರ ಅನ್ನುವುದು ನೆನಪಿರಲಿ. ಸಿಂಥೆಟಿಕ್‌ಗೆ ಅದರರ್ಧ, ಹದಿನೈದು ನಿಮಿಷದ ಪ್ರೋಗ್ರಾಮಿಗೆ ಒಂದೆರಡು ಕೆಜಿ ಅಷ್ಟೇ. ಫ್ರಂಟ್ ಲೋಡಿನ ಡ್ರಮ್ ತುರುಕಿ ತುಂಬಿದರೆ ಬಟ್ಟೆ ಬೀಳಲು ಜಾಗವಿರುವುದಿಲ್ಲ, ಕೊಳೆಯೂ ಹೋಗುವುದಿಲ್ಲ. ಮೇಲೆ ಒಂದು ಗೇಣು ಖಾಲಿ ಬಿಡಿ.

ಉತ್ತರ ಕರ್ನಾಟಕದವರ ಮನೆಯಲ್ಲಿ ಕೌದಿ ಇದ್ದೇ ಇರುತ್ತದೆ. ಪದರದ ಮೇಲೆ ಪದರ ಹಳೆ ಸೀರೆ ಇಟ್ಟು ಹೊಲಿದ ಕೌದಿ ನೀರು ಕುಡಿದರೆ ಎತ್ತಲು ಇಬ್ಬರು ಬೇಕು. ಅದೊಂದನ್ನೇ ಹಾಕಿದರೆ ಹಿಂಡುವಾಗ ಭಾರ ಒಂದೇ ಕಡೆ ಸೇರುತ್ತದೆ. ಟಾಪ್ ಲೋಡ್ ಧಡಧಡ ಅಂತ ಜಾಗ ಬಿಟ್ಟು ಸರಿಯುತ್ತದೆ, ಫ್ರಂಟ್ ಲೋಡ್ ಮತ್ತೆ ಮತ್ತೆ ಪ್ರಯತ್ನಿಸಿ ಹಿಂಡದೇ ನಿಲ್ಲುತ್ತದೆ. ಎರಡಕ್ಕೂ ಇದು ಒಳ್ಳೆಯದಲ್ಲ. ತೆಳು ಕೌದಿಯನ್ನು 8 ಕೆಜಿ ಮೆಷಿನ್ನಿನಲ್ಲಿ ಎರಡು ಟವೆಲ್ ಜೊತೆ ಹಾಕಬಹುದು. ದಪ್ಪದ್ದನ್ನು ಬಚ್ಚಲಲ್ಲಿ ತುಳಿದು ಒಗೆಯುವುದೇ ಸರಿ, ಅಜ್ಜಿಯ ಹೊಲಿಗೆಯೂ ಉಳಿಯುತ್ತದೆ.

ಇಳಕಲ್ ಸೀರೆಯ ಕೆಂಪು ಬಣ್ಣ ಬಿಡುವ ಭಯವಿರುತ್ತದೆ. ಮೊದಲ ಕೆಲವು ಒಗೆತ ಕೈಯಲ್ಲೇ ಆಗಲಿ, ಬಿಸಿನೀರು ಬೇಡ. ರೇಷ್ಮೆ ಸೆರಗಿನದಾದರೆ ಮೆಷಿನ್ನಿನ ಹತ್ತಿರ ತರಬೇಡಿ. ಕಾಟನ್ ಸೀರೆಗಳನ್ನು ಟಾಪ್ ಲೋಡಿಗೆ ಹಾಕುವಾಗ ಬಲೆಯ ಚೀಲದಲ್ಲಿ ಹಾಕಿ. ಇಲ್ಲದಿದ್ದರೆ ಹಗ್ಗದಂತೆ ಹೊಸೆದುಕೊಂಡು ಬರುತ್ತವೆ.

ಹೆಜ್ಜೆ 6: ಯಾರು ಒಗೆಯುತ್ತಾರೆ, ಎಷ್ಟು ವರ್ಷ ಆ ಮನೆ

ಮಂಡಿ ನೋವಿನ ಅಮ್ಮ ದಿನಾ ಬಗ್ಗಿ ಫ್ರಂಟ್ ಲೋಡಿನಿಂದ ಬಟ್ಟೆ ತೆಗೆಯಬೇಕು ಅಂದರೆ ಯೋಚಿಸಿ. ಗಟ್ಟಿ ಸ್ಟ್ಯಾಂಡ್ ಹಾಕಿ ಅರ್ಧ ಅಡಿ ಎತ್ತರಿಸಬಹುದು, ಆದರೆ ನಿಂತಲ್ಲೇ ಕೈ ಹಾಕುವ ಟಾಪ್ ಲೋಡಿನ ಸುಖ ಸಿಗುವುದಿಲ್ಲ. ಕುಳ್ಳಗಿರುವವರಿಗೆ ಮತ್ತೆ ಟಾಪ್ ಲೋಡಿನ ತಳದ ಕಾಲುಚೀಲ ಸಿಗುವುದು ಕಷ್ಟ. ಬಳಸುವವರನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೈ ಹಾಕಿಸಿ ನೋಡಿ. ಮನೆಗೆಲಸದವರು ಮೆಷಿನ್ ಹಾಕುವುದಾದರೆ ಬಟನ್ ಕಡಿಮೆಯಿರುವ ಮಾಡೆಲ್ ಇರಲಿ.

ಬಾಡಿಗೆಯವರಿಗೆ ಇನ್ನೊಂದು ಲೆಕ್ಕ. ಮುಂಬೈ, ಪುಣೆಗಳಲ್ಲಿ ಕರಾರು ಸಾಮಾನ್ಯವಾಗಿ 11 ತಿಂಗಳದು. ಫ್ರಂಟ್ ಲೋಡಿನೊಳಗೆ ಅಲುಗಾಟ ತಡೆಯಲು ಭಾರದ ಕಾಂಕ್ರೀಟ್ ಕಟ್ಟಿರುತ್ತಾರೆ, ತೂಕ 60–70 ಕೆಜಿ. ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಯಿಂದ ಇಳಿಸುವುದು ಕೂಲಿಯವರಿಗೂ ಕಷ್ಟ. ಟಾಪ್ ಲೋಡ್ ಅದರ ಅರ್ಧದಷ್ಟು. ಮುಂದಿನ ಮನೆಯ ನೀರು ಹೇಗೋ, ಜಾಗ ಎಷ್ಟೋ ಅನ್ನುವುದೂ ತಿಳಿದಿರುವುದಿಲ್ಲ. ವರ್ಷ ವರ್ಷ ಮನೆ ಬದಲಿಸುವವರಿಗೆ ನಾನು ಟಾಪ್ ಲೋಡ್ ಅಂತಲೇ ಹೇಳುತ್ತೇನೆ.

ಹೆಜ್ಜೆ 7: ಖರ್ಚು

ಅಂಗಡಿಯ ಬೆಲೆಯಲ್ಲಿ ಫ್ರಂಟ್ ಲೋಡ್ ಅದೇ ಅಳತೆಯ ಟಾಪ್ ಲೋಡಿಗಿಂತ ಸಾಕಷ್ಟು ದುಬಾರಿ. ಸೆಮಿ ಆಟೋಮ್ಯಾಟಿಕ್ ಎಲ್ಲಕ್ಕಿಂತ ಅಗ್ಗ. ನೀರಿನಲ್ಲಿ ಮಾತ್ರ ಲೆಕ್ಕ ತಿರುಗುತ್ತದೆ. 7 ಕೆಜಿ ಫ್ರಂಟ್ ಲೋಡ್ ಒಂದು ಒಗೆತಕ್ಕೆ ಸುಮಾರು 50–60 ಲೀಟರ್ ಬಳಸಿದರೆ, ಟಾಪ್ ಲೋಡ್ ನೂರು ದಾಟುತ್ತದೆ. ವಾರಕ್ಕೆ ಐದು ಸಲ ಒಗೆದರೆ ಇನ್ನೂರು–ಮುನ್ನೂರು ಲೀಟರ್ ವ್ಯತ್ಯಾಸ. ಟ್ಯಾಂಕರಿಗೆ ದುಡ್ಡು ಕೊಡುವ ಸೊಸೈಟಿಯಲ್ಲಿ ಇದು ಸಣ್ಣ ಮಾತಲ್ಲ.

ಕರೆಂಟಿನ ಖರ್ಚೆಲ್ಲ ಇರುವುದು ನೀರು ಕಾಯಿಸುವುದರಲ್ಲಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60ಕ್ಕೆ ತರಲು ಸುಮಾರು 0.6 ಯೂನಿಟ್ ಬೇಕು, 40ಕ್ಕಾದರೆ ಕಾಲು ಯೂನಿಟ್ ಸಾಕು. ದಿನದ ಬಟ್ಟೆಗೆ ತಣ್ಣೀರು ಅಥವಾ 30–40 ಡಿಗ್ರಿ ಧಾರಾಳವಾಯಿತು. ಹಾಸಿಗೆ, ಟವೆಲ್, ಕಾಯಿಲೆಯವರ ಬಟ್ಟೆಗೆ 60 ಇಟ್ಟುಕೊಳ್ಳಿ.

ವಾರಂಟಿ ಓದುವಾಗ "ಮೋಟರ್ 10 ವರ್ಷ" ಅನ್ನುವ ದೊಡ್ಡ ಅಕ್ಷರ ನೋಡಿ ನಿಲ್ಲಬೇಡಿ. ಅದು ಮೋಟರಿಗೆ ಮಾತ್ರ. ಎಲೆಕ್ಟ್ರಾನಿಕ್ ಬೋರ್ಡ್ ಹೋದರೆ ಆ ಹತ್ತು ವರ್ಷ ಲೆಕ್ಕಕ್ಕಿಲ್ಲ. ಇಡೀ ಮೆಷಿನ್‌ಗೆ ಎಷ್ಟು ವರ್ಷ, ಅದನ್ನೇ ಕೇಳಿ. ಇಲಿ ವೈರ್ ಕಡಿದರೆ ವಾರಂಟಿ ಸಾಮಾನ್ಯವಾಗಿ ಬರುವುದಿಲ್ಲ. ಕೆಳಮಹಡಿಯವರು ತಳಕ್ಕೆ ಜಾಲರಿ ಇರುವ ಮಾಡೆಲ್ ನೋಡಿ ಅಥವಾ ಹಾಕಿಸಿಕೊಳ್ಳಿ.

ಈಗ ತೀರ್ಮಾನ

ಸ್ವಂತ ಮನೆ, ಪಾಲಿಕೆಯ ಮೆದು ನೀರು, ಬಕೆಟ್ ಪರೀಕ್ಷೆ ಪಾಸಾದ ನಲ್ಲಿ, ಮುಂದೆ ಎರಡಡಿ ಜಾಗ, ಮಳೆಯಲ್ಲಿ ಮನೆಯೊಳಗೇ ಒಣಹಾಕುವ ಪರಿಸ್ಥಿತಿ ಇದ್ದರೆ ಫ್ರಂಟ್ ಲೋಡ್ ತನ್ನಿ, 1,200 ಸುತ್ತಿನದು. ಮೇಲಿನ ಮಹಡಿ, ಬೋರ್ ನೀರು, ಬಾಡಿಗೆ ಮನೆ, ಬಗ್ಗಲಾಗದ ಹಿರಿಯರು, ಇವುಗಳಲ್ಲಿ ಎರಡು ಸೇರಿದರೂ ಟಾಪ್ ಲೋಡ್. ನೀರು ದಿನಕ್ಕೆ ಒಂದು ಹೊತ್ತು ಮಾತ್ರ, ಅದೂ ನಂಬುವ ಹಾಗಿಲ್ಲ ಅನ್ನುವಲ್ಲಿ ಸೆಮಿ ಆಟೋಮ್ಯಾಟಿಕ್.

ಫ್ರಂಟ್ ಲೋಡ್ ತಂದವರು ಕೈಯಲ್ಲಿ ಒಗೆಯುವ ಪೌಡರನ್ನು ಅದಕ್ಕೆ ಹಾಕಬಾರದು. ನೊರೆ ಉಕ್ಕಿ ಬಟ್ಟೆ ಬೀಳುವ ರಭಸವೇ ಹೋಗುತ್ತದೆ, ಜಾಲಿಸಲು ನೀರೂ ಜಾಸ್ತಿ. ಫ್ರಂಟ್ ಲೋಡಿಗೆ ಅಂತ ಬರುವ ಕಡಿಮೆ ನೊರೆಯ ಪೌಡರ್ ಅಥವಾ ಲಿಕ್ವಿಡ್ ತನ್ನಿ. ಮುಂಬೈಯ ಮೆದು ನೀರಿಗೆ ಪ್ಯಾಕೆಟಿನಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಸಾಕು.

ಮೆಷಿನ್ ಮನೆಗೆ ಬಂದ ದಿನ

ಫ್ರಂಟ್ ಲೋಡಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ದಪ್ಪ ಬೋಲ್ಟ್ ಇರುತ್ತವೆ. ಸಾಗಿಸುವಾಗ ಡ್ರಮ್ ಅಲುಗಾಡದಿರಲಿ ಅಂತ ಹಾಕಿರುತ್ತಾರೆ. ಅವನ್ನು ಬಿಚ್ಚದೆ ಶುರು ಮಾಡಿದರೆ ಮೆಷಿನ್ ಕುಣಿದು ಒಳಗೆಲ್ಲ ಹಾಳಾಗುತ್ತದೆ. ಕೂರಿಸಲು ಬಂದವರು ಬಿಚ್ಚಿದರಾ ಅಂತ ಕಣ್ಣಾರೆ ನೋಡಿ, ಬೋಲ್ಟ್‌ಗಳನ್ನು ಕೇಳಿ ಇಸಕೊಳ್ಳಿ. ಮನೆ ಬದಲಿಸುವಾಗ ಮತ್ತೆ ಅವನ್ನೇ ಹಾಕಬೇಕು.

ನಾಲ್ಕೂ ಕಾಲು ನೆಲಕ್ಕೆ ಸರಿಯಾಗಿ ಕೂತಿವೆಯಾ ನೋಡಿ. ಮೂಲೆ ಹಿಡಿದು ಅಲುಗಾಡಿಸಿದರೆ ಕದಲಬಾರದು. ಡ್ರೈ ಬಾಲ್ಕನಿಯ ನೆಲ ನೀರು ಹರಿಯಲೆಂದು ಇಳಿಜಾರಾಗಿರುತ್ತದೆ, ಆದ್ದರಿಂದ ಕಾಲಿನ ತಿರುಪು ತಿರುಗಿಸಿ ಮಟ್ಟ ಮಾಡಲೇಬೇಕು. ಮೊದಲ ಸಲ ಬಟ್ಟೆಯಿಲ್ಲದೆ ಓಡಿಸಿ. ನೀರು ತುಂಬುವಾಗ, ಹೊರಹೋಗುವಾಗ ಎರಡೂ ಪೈಪಿನ ಜೋಡಣೆಗೆ ಕೈ ಹಚ್ಚಿ ಒದ್ದೆಯಾಗಿದೆಯಾ ನೋಡಿ. ಪಂಪಿನ ಫಿಲ್ಟರ್ ಎಲ್ಲಿದೆ, ಕರೆಂಟ್ ಹೋಗಿ ಬಾಗಿಲು ಬೀಗ ಬಿದ್ದರೆ ಒಳಗಿನ ನೀರು ಇಳಿಸುವ ಸಣ್ಣ ಪೈಪು ಯಾವುದು ಅಂತ ಬಂದವರಿಂದಲೇ ಒಮ್ಮೆ ಮಾಡಿಸಿ ನೋಡಿಕೊಳ್ಳಿ. ಮನೆಯಲ್ಲಿ ದಿನಾ ಮೆಷಿನ್ ಹಾಕುವವರೂ ಆಗ ಎದುರಿಗಿರಲಿ.